ಮಂಡಿ ರದ್ದು

ನಮ್ಮ ಮೈಕಣ್ಣನಷ್ಟು ಅಧಿಕಾರ ಇದ್ದ ಮನುಷ್ಯ ಆ ರಾಜ್ಯದಲ್ಲಿ ಇನ್ನೊಬ್ಬ ಇರಲಿಲ್ಲ. ಮಂತ್ರಿಗಳ ಬಾಯಿ ಮುಚ್ಚಿಸಬೇಕಾದರೆ ವಿರೋಧ ಪಕ್ಷದವರು ಮುಂದಿನ ಚುನಾವಣೆಯವರೆಗೆ ಕಾಯಬೇಕು. ಮೈಕಣ್ಣನಿಗೆ ಒಂದು ಬೆರಳು ಸಾಕಾಗಿತ್ತು. ಶಾಸನಸಭೆಯ ಮೇಲಂತಸ್ತಿನಲ್ಲಿ ಗಾಜಿನ ಪುಟ್ಟ ಕೋಣೆಯೊಂದಿತ್ತು. ಅಲ್ಲಿ ಕೂತು, ಕೆಳಗೆ ಯಾವ ಸದಸ್ಯರು ಎದ್ದು ನಿಂತರೋ ಅವರ ಮೈಕಿನ ಸ್ವಿಚ್ಚು ಒತ್ತುವುದು, ಸಭಾಧ್ಯಕ್ಷರು ‘ಸಾಕು, ಕೂತ್ಕೊಳ್ಳಿ’ ಅಂದಾಗ ಅದನ್ನು ಆರಿಸುವುದು, ಇದಿಷ್ಟೇ ಅವನ ಉದ್ಯೋಗ. ಸಂಬಳ ಸಾಧಾರಣ. ಆದರೆ ಕುರ್ಚಿ ತಿರುಗುತ್ತಿತ್ತು. ತಿರುಗುವ ಕುರ್ಚಿಯಲ್ಲಿ ಬಹಳ ವರ್ಷ ಕೂತವರಿಗೆ ಲೋಕವೇ ತಮ್ಮ ಸುತ್ತ ತಿರುಗುತ್ತಿದೆ ಎನ್ನಿಸುವುದು ಸಹಜ.

ಹೀಗಾಗಿ ಮೈಕಣ್ಣನ ಮಾತಿನಲ್ಲಿ ‘ನಾನು’ ಎಂಬ ಪದ ಮಾಯವಾಗಿ ‘ನಾವು’ ಬಂದು ಕೂತಿತ್ತು. “ನಿನ್ನೆ ನಾವು ಬಜೆಟ್ ಪಾಸ್ ಮಾಡಿದ್ವಿ.” “ರಸ್ತೆ ವಿಷಯ ನಾವು ಮುಂದಕ್ಕೆ ಹಾಕಿದೀವಿ.” ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತೂಗಿಸಿಕೊಳ್ಳುತ್ತ ಅವನು ಹೀಗೆ ಹೇಳಿದರೆ, ಅಂಗಡಿಯ ಯಜಮಾನ ತಕ್ಕಡಿಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದ. ಬೀದಿಯವರಿಗೆ ಅವನ ಕೆಲಸ ಏನು ಎಂದು ಗೊತ್ತಿತ್ತು. ಮೈಕಣ್ಣ ಎಂಬ ಹೆಸರು ಇಟ್ಟವರೂ ಅವರೇ. ಆದರೂ ಶಾಸನಸಭೆಗೆ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಹೋಗುವ ಮನುಷ್ಯ ಆ ಬೀದಿಯಲ್ಲಿ ಅವನೊಬ್ಬನೇ. ಹೆಂಡತಿ ಮಾತ್ರ, “ರೀ, ನೀವು ಪಾಸ್ ಮಾಡಿದ ಬಜೆಟ್‌ನಲ್ಲಿ ನಮ್ಮನೆ ಸೋರೋ ನಲ್ಲಿಗೆ ಏನಾದ್ರೂ ಇದೆಯಾ?” ಎಂದು ಕೇಳುತ್ತಿದ್ದಳು. ಅವಳ ತಾಯಿ, ಅಂದರೆ ಮೈಕಣ್ಣನ ಅತ್ತೆ, ಅವರ ಮನೆಯಲ್ಲೇ ಇದ್ದರು. ಅವರು ಮಗಳನ್ನು ಗದರಿಸುತ್ತಿದ್ದರು. “ಸುಮ್ನಿರೇ. ಅಳಿಯಂದ್ರು ರಾಜ್ಯದ ಕೆಲಸದಲ್ಲಿದ್ದಾರೆ. ನಲ್ಲಿ ರಿಪೇರಿ ಮಾಡಿಸೋಕೆ ಬೇರೆಯವ್ರು ಇದ್ದಾರೆ.”

ಅತ್ತೆಯ ಈ ನಂಬಿಕೆಯೇ ಮುಂದಿನ ಎಲ್ಲ ಅನಾಹುತಕ್ಕೆ ಗೊಬ್ಬರವಾಯಿತು.

ಆ ರಾಜ್ಯದಲ್ಲಿ ಪ್ರತಿ ಮನೆಗೂ ಸರ್ಕಾರಿ ಆರೋಗ್ಯ ವಿಮೆಯ ಒಂದು ಕಾರ್ಡಿತ್ತು. ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದರೆ ಬಿಲ್ಲು ಸರ್ಕಾರಕ್ಕೆ ಹೋಗುತ್ತಿತ್ತು. ಬಿಲ್ಲುಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಹೋದವು. ಕೊನೆಗೆ ಸರ್ಕಾರ ಕಣ್ಣು ಬಿಟ್ಟು, ‘ಆರೋಗ್ಯ ವಿಮೆಯ ವೆಚ್ಚ ಮತ್ತು ನಿರ್ವಹಣೆ’ ಎಂಬ ಹೆಸರಿನ ವಿಧೇಯಕವೊಂದನ್ನು ಸದನಕ್ಕೆ ತಂದಿತು. ಅಧಿವೇಶನದ ಕೊನೆಯ ದಿನ ಆರೋಗ್ಯ ಸಚಿವರು ಅದನ್ನು ಓದಲು ಎದ್ದು ನಿಂತರು. ವಿರೋಧ ಪಕ್ಷದವರೂ ಎದ್ದು ನಿಂತರು. ಒಬ್ಬರು ಮೇಜು ಗುದ್ದಿದರು. ಇನ್ನೊಬ್ಬರು ಕಾಗದ ಹರಿದು ತೂರಿದರು. ಮೈಕಣ್ಣ ಎಂದಿನಂತೆ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು, ಇನ್ನೊಂದು ಕಿವಿಯನ್ನು ಕ್ಯಾಂಟೀನಿನವನಿಗೆ ಕೊಟ್ಟಿದ್ದ. ಕ್ಯಾಂಟೀನಿನವನು ತನ್ನ ಷಡ್ಡಕನ ಎರಡನೇ ಮದುವೆಯ ವಿಷಯ ಹೇಳುತ್ತಿದ್ದ. ಅದು ವಿಧೇಯಕಕ್ಕಿಂತ ರೋಚಕವಾಗಿತ್ತು. ಆ ಗದ್ದಲ, ಈ ಮದುವೆ, ಎರಡರ ನಡುವೆ ಸಚಿವರ ದನಿ ಒಂದು ಸಲ ಮಾತ್ರ ತೇಲಿ ಬಂತು.

“...ಮಂಡಿ... ರದ್ದಾಗುತ್ತದೆ.”

ಅಷ್ಟರಲ್ಲಿ ಸದನ ಮುಂದಕ್ಕೆ ಹೋಯಿತು. ವಿಧೇಯಕದ ಮೇಲಿನ ಚರ್ಚೆ ಮುಂದಿನ ಅಧಿವೇಶನಕ್ಕೆ ಎಂದು ಸಭಾಧ್ಯಕ್ಷರು ಘೋಷಿಸಿದರು. ಮೈಕಣ್ಣ ಎಲ್ಲ ಸ್ವಿಚ್ಚು ಆರಿಸಿ, ಷಡ್ಡಕನ ಕಥೆಯ ಉಳಿದ ಭಾಗ ಕೇಳಿ ಮುಗಿಸಿ, ಮನೆಗೆ ಹೋಗಿ ನಿದ್ದೆ ಮಾಡಿದ.

ಮರುದಿನ ಬೆಳಿಗ್ಗೆ ಕ್ಷೌರದಂಗಡಿ ತುಂಬಿತ್ತು. ಕುರ್ಚಿಯ ಮೇಲೆ ಕಿರಾಣಿ ಅಂಗಡಿಯ ಯಜಮಾನ ಬಿಳಿ ಬಟ್ಟೆ ಹೊದ್ದು ಕೂತಿದ್ದ. ಬೆಂಚಿನ ಮೇಲೆ ನಿವೃತ್ತ ಹೆಡ್‌ಮಾಸ್ಟರು ಪತ್ರಿಕೆ ಹರಡಿಕೊಂಡಿದ್ದರು. ಹೆಡ್‌ಮಾಸ್ಟರಿಗೂ ಮೈಕಣ್ಣನಿಗೂ ಒಳಗೊಳಗೇ ಸ್ಪರ್ಧೆ. ಪತ್ರಿಕೆ ಓದಿ ಲೋಕಜ್ಞಾನ ಪಡೆಯುವುದು ಹೆಡ್‌ಮಾಸ್ಟರ ದಾರಿ. ಮೈಕಣ್ಣನದು, ಲೋಕಜ್ಞಾನ ತನ್ನಲ್ಲೇ ಹುಟ್ಟುತ್ತದೆ ಎನ್ನುವ ದಾರಿ.

“ಏನಪ್ಪಾ ಮೈಕಣ್ಣ, ವಿಮೆ ಮಸೂದೆ ಬಂತಂತಲ್ಲ? ನಾನು ಪೂರ್ತಿ ಓದ್ದೆ,” ಅಂದರು ಹೆಡ್‌ಮಾಸ್ಟರು. “ವೆಚ್ಚ ಜಾಸ್ತಿ ಆಗಿದೆ, ನಿರ್ವಹಣೆ ಕಮ್ಮಿ ಆಗಿದೆ. ಅಷ್ಟೇ ಸಾರಾಂಶ. ನಿಂಗೇನಾದ್ರೂ ಅನುಮಾನ ಇದ್ರೆ ಕೇಳು.”

ಇದು ಅವಮಾನ. ಸದನದ ಮನುಷ್ಯನಿಗೆ ಸದನದ ವಿಷಯದಲ್ಲಿ ಅನುಮಾನವೇ? ಮೈಕಣ್ಣ ಕನ್ನಡಿಯಲ್ಲಿ ಒಮ್ಮೆ ತನ್ನ ಮುಖ ನೋಡಿಕೊಂಡು ಹೇಳಿದ. “ಪೇಪರ್‌ನಲ್ಲಿ ಬರೋದು ನಾವು ಕೊಟ್ಟಷ್ಟು ಸಾರ್. ಒಳಗಿನ ವಿಷಯ ಬೇರೆ ಇದೆ.”

“ಏನದು?”

“ಬೇಡ ಬಿಡಿ. ಸುಮ್ನೆ ಜನ ಗಾಬರಿ ಆಗ್ತಾರೆ.”

ಕತ್ತರಿ ನಿಂತಿತು. ಕಿರಾಣಿ ಯಜಮಾನ ಅರ್ಧ ಕ್ಷೌರವಾದ ತಲೆಯನ್ನು ಹಿಂದಕ್ಕೆ ತಿರುಗಿಸಿದ. “ಹೇಳಪ್ಪಾ, ನಮ್ಮ ಹತ್ರ ಏನು ಮುಚ್ಚುಮರೆ?”

ಮೈಕಣ್ಣ ದನಿ ತಗ್ಗಿಸಿದ. “ಮಂಡಿ ರದ್ದು.”

“ಯಾವ ಮಂಡಿ? ತರಕಾರಿ ಮಂಡೀನಾ?” ಹೆಡ್‌ಮಾಸ್ಟರು ಕೇಳಿದರು.

ನಿಜ ಹೇಳಬೇಕೆಂದರೆ ಮೈಕಣ್ಣ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವನ ಹತ್ತಿರ ಇದ್ದದ್ದು ಎರಡು ಪದ. ಅದರ ಅರ್ಥ ಅವನ ಹತ್ತಿರ ಇರಲಿಲ್ಲ. ಆದರೆ ಬೆಂಚಿನ ಮೇಲೆ ಹೆಡ್‌ಮಾಸ್ಟರ ಬಲಗೈ ಅಭ್ಯಾಸಬಲದಿಂದ ಅವರ ಮೊಣಕಾಲನ್ನು ತಿಕ್ಕುತ್ತಿತ್ತು. ಅರ್ಥ ಅಲ್ಲೇ ಸಿಕ್ಕಿತು.

“ಅದೇ ಸಾರ್, ನೀವೀಗ ಉಜ್ಜಿಕೊಳ್ತಾ ಇದ್ದೀರಲ್ಲ, ಆ ಮಂಡಿ. ಮುಂದಿನ ಅಧಿವೇಶನದಲ್ಲಿ ಕಾನೂನು ಪಾಸಾದ್ಮೇಲೆ ಮಂಡಿ ಆಪರೇಷನ್ ವಿಮೆಯಲ್ಲಿ ಇರಲ್ಲ. ಹೃದಯ ಇರುತ್ತೆ, ಮೂತ್ರಪಿಂಡ ಇರುತ್ತೆ. ಮಂಡಿ ಇರಲ್ಲ.”

ಹೆಡ್‌ಮಾಸ್ಟರು ಕೈಯನ್ನು ಮಂಡಿಯ ಮೇಲಿಂದ ಸರಕ್ಕನೆ ತೆಗೆದರು. ಕದ್ದ ಮಾಲಿನ ಮೇಲೆ ಕೈ ಇಟ್ಟು ಸಿಕ್ಕಿಬಿದ್ದವರ ಹಾಗೆ. ಅರೆಗಳಿಗೆ ಬಿಟ್ಟು ಮತ್ತೆ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿ ದಾಟಿತು. ಸಂಜೆಗೆ ಮೈಕಣ್ಣನ ಮನೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲು ಹತ್ತುವಾಗ ಯಾರೂ ‘ಅಮ್ಮಾ’ ಎನ್ನದೆ ಹತ್ತಲಿಲ್ಲ. ನಿನ್ನೆಯವರೆಗೆ ಕುಪ್ಪಳಿಸಿ ಓಡಾಡುತ್ತಿದ್ದವರಿಗೂ ಸುದ್ದಿ ಕೇಳಿದ ಮೇಲೆ ಒಂದು ತರಹದ ಸೆಳೆತ ಶುರುವಾಗಿತ್ತು.

“ಮೈಕಣ್ಣ, ಎರಡೂ ಮಂಡಿ ರದ್ದಾ, ಒಂದಾದ್ರೂ ಬಿಡ್ತಾರಾ?” ಕ್ಷೌರಿಕ ಕೇಳಿದ. ದಿನವಿಡೀ ನಿಂತು ಕೆಲಸ ಮಾಡುವವನು ಅವನು. ಅವನ ಪ್ರಶ್ನೆಯಲ್ಲಿ ನ್ಯಾಯವಿತ್ತು.

“ಒಂದು ಉಳಿಸೋಣ ಅಂತ ನಾವು ಪ್ರಯತ್ನಪಟ್ವಿ,” ಅಂದ ಮೈಕಣ್ಣ. “ಆದ್ರೆ ಹಣಕಾಸಿನವರು ಒಪ್ಪಲಿಲ್ಲ.”

“ನಂಗೇನೂ ನೋವಿಲ್ಲ,” ಅಂದ ಕಿರಾಣಿ ಯಜಮಾನ, “ಆದ್ರೆ ಮುಂದೆ ಬಂದ್ರೆ? ಕಾನೂನು ಬಂದ್ಮೇಲೆ ನೋವು ಬಂದ್ರೆ ಯಾರನ್ನ ಕೇಳೋದು? ಈಗ್ಲೇ ಬದಲಾಯಿಸಿ ಇಟ್ಕೊಳ್ಳೋದು ಒಳ್ಳೇದಲ್ವಾ?”

ಮೈಕಣ್ಣ ಕಣ್ಣು ಮುಚ್ಚಿ ತಲೆ ತೂಗಿದ. ಆ ತೂಗುವಿಕೆಯಲ್ಲಿ ಬೇಕಾದವರು ಬೇಕಾದ ಅರ್ಥ ತೆಗೆದುಕೊಂಡು ಹೋದರು.

ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮರುವಾರದಿಂದ ಮಂಡಿಗೆ ಬೇರೆ ಸಾಲು, ಬೇರೆ ಟೋಕನ್ನು. ಮೊದಮೊದಲು ವೈದ್ಯರು, “ಇದಕ್ಕೆ ಆಪರೇಷನ್ ಬೇಡ, ದಿನಾ ನಡೀರಿ ಸಾಕು,” ಎಂದು ವಾಪಸು ಕಳಿಸಿದರು. ಕಿರಾಣಿ ಯಜಮಾನ ಅಲ್ಲೇ ನೆಲದ ಮೇಲೆ ಕೂತ. “ನಡೆಯೋಕೆ ಆಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಕಾರ್ಡು ನಂದು, ಮಂಡಿ ನಂದು, ದುಡ್ಡು ಸರ್ಕಾರದ್ದು. ನಿಮಗೇನ್ರೀ ಕಷ್ಟ?” ಎಂದು ಕೂಗಾಡಿದ. ಆಸ್ಪತ್ರೆಯ ಆಡಳಿತಾಧಿಕಾರಿ ಬಂದು, ನೆಲದ ಮೇಲಿದ್ದವನನ್ನೂ ಹಿಂದಿದ್ದ ಸಾಲನ್ನೂ ನೋಡಿ, ವೈದ್ಯರನ್ನು ಒಳಗೆ ಕರೆದೊಯ್ದರು. ಹೊರಗೆ ಬಂದ ಮೇಲೆ ವೈದ್ಯರು ಒಬ್ಬರಿಗೂ ‘ನಿಮ್ಮ ಮಂಡಿಯಲ್ಲಿ ಸವೆತ ಇಲ್ಲ’ ಎಂದು ಹೇಳಲಿಲ್ಲ.

ಬೀದಿ ನಿಧಾನವಾಗಿ ಬದಲಾಯಿತು. ಎಲ್ಲಿ ನೋಡಿದರೂ ನಡಿಗೆಗೋಲು, ಉಕ್ಕಿನ ಚೌಕಟ್ಟು, ಕಾಲಿಗೆ ಸುತ್ತಿದ ಬಿಳಿ ಪಟ್ಟಿ. ಹೆಡ್‌ಮಾಸ್ಟರು ಎರಡೂ ಮಾಡಿಸಿಕೊಂಡರು. ಕ್ಷೌರಿಕ ಒಂದು ಮಾಡಿಸಿಕೊಂಡು, ಎತ್ತರದ ಸ್ಟೂಲಿನ ಮೇಲೆ ಕೂತು ಕ್ಷೌರ ಮಾಡತೊಡಗಿದ. ಗಿರಾಕಿಗಳ ಎಡಕಿವಿಯ ಕಡೆ ಅವನ ಕೈ ಎಟುಕದೆ, ಆ ಋತುವಿನಲ್ಲಿ ಬೀದಿಯ ಗಂಡಸರೆಲ್ಲ ಒಂದೇ ಕಡೆ ಉದ್ದ ಕೂದಲು ಬಿಟ್ಟುಕೊಂಡು ತಿರುಗಿದರು.

ಇಷ್ಟೆಲ್ಲದರ ನಡುವೆ, ಆ ಬೀದಿಯಲ್ಲಿ ನಿಜವಾಗಿಯೂ ಮಂಡಿ ಹಾಳಾಗಿದ್ದ ಒಬ್ಬರೇ ಒಬ್ಬರು ಸುಮ್ಮನೆ ಕೂತಿದ್ದರು. ಅವರು ಮೈಕಣ್ಣನ ಅತ್ತೆ. ಅವರ ಬಲಮಂಡಿ ಎದ್ದು ನಿಂತರೆ ಲಟಕ್ಕೆನ್ನುತ್ತಿತ್ತು. ಪಕ್ಕದ ಮನೆಯವರು ಆ ಸದ್ದು ಕೇಳಿ, ‘ಆಂಟಿ ಎದ್ರು’ ಎಂದು ಹಾಲು ಕಾಯಲು ಇಡುತ್ತಿದ್ದರು. ಆದರೆ ಅವರಿಗೆ ಕತ್ತಿಯ ಹೆದರಿಕೆ. “ಇಷ್ಟು ದಿನ ಜೊತೇಲಿ ಇದ್ದ ಮಂಡಿ, ಇನ್ನೆಷ್ಟು ದಿನ? ನಂಜೊತೇನೇ ಹೋಗ್ಲಿ ಬಿಡಿ,” ಅನ್ನುತ್ತಿದ್ದರು. ಮಗಳು ಹಗಲೂ ಇರುಳೂ ಬೆನ್ನುಬಿದ್ದಳು. “ಅಮ್ಮಾ, ನಿನ್ನ ಅಳಿಯಂದೇ ಸುದ್ದಿ. ಊರವರೆಲ್ಲ ಅದನ್ನ ನಂಬಿ ಹೊಸ ಮಂಡಿ ಹಾಕಿಸ್ಕೊಂಡ್ರು. ನಮ್ಮನೇಲೇ ಹಳೇದು ಇದ್ರೆ ಜನ ಏನಂತಾರೆ?”

ಮಂಡಿನೋವಿಗೆ ಬಗ್ಗದ ಅತ್ತೆ ಜನರ ಮಾತಿಗೆ ಬಗ್ಗಿದರು. ದಿನ ನಿಗದಿಯಾಯಿತು. ಚೀಲಕ್ಕೆ ಎರಡು ಸೀರೆ, ಒಂದು ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ಹೋಯಿತು.

ಅವರು ಆಸ್ಪತ್ರೆಗೆ ಸೇರಬೇಕಾದ ಹಿಂದಿನ ದಿನ ಮೈಕಣ್ಣ ಶಾಸನಸಭೆಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ಎದುರಿಗೆ ಸದನದ ಶೀಘ್ರಲಿಪಿಗಾರ್ತಿ ಕೂತಿದ್ದರು. ಸದನದಲ್ಲಿ ಯಾರು ಏನು ಅಂದರೂ ಬರೆದುಕೊಳ್ಳುವ ಹೆಂಗಸು ಅವರು. ಸದಸ್ಯರು ಕೆಮ್ಮಿದರೂ ಬರೆಯುತ್ತಾರೆ ಎಂದು ಪ್ರತೀತಿ. ಮೈಕಣ್ಣ ಅವರ ಮುಂದೆ ತನ್ನ ದೂರದೃಷ್ಟಿಯ ಫಲವನ್ನು ವರ್ಣಿಸಿದ. ಹೇಗೆ ತನ್ನ ಒಂದು ಮಾತಿನಿಂದ ಊರಿಗೆ ಊರೇ ಮಂಡಿ ಉಳಿಸಿಕೊಂಡಿತು, ಹೇಗೆ ಹೆಡ್‌ಮಾಸ್ಟರು ಈಗ ಅವನನ್ನು ಕಂಡರೆ ಚೌಕಟ್ಟು ಹಿಡಿದುಕೊಂಡೇ ಅರ್ಧ ಎದ್ದು ನಿಲ್ಲುತ್ತಾರೆ, ಎಲ್ಲವನ್ನೂ.

ಶೀಘ್ರಲಿಪಿಗಾರ್ತಿ ಚಹಾದ ಲೋಟ ಕೆಳಗಿಟ್ಟರು. “ಮಂಡೀನಾ? ಯಾವ ಮಂಡಿ ರೀ?”

“ಸಚಿವರು ಅಂದ್ರಲ್ಲ, ಮಂಡಿ ರದ್ದು ಅಂತ.”

“ಮಂಡಿ ಅಲ್ಲ ಮಾರಾಯ್ರೇ, ಮಂಡಳಿ! ವಿಮೆ ನಿರ್ವಹಣಾ ಮಂಡಳಿ. ಅದೇ, ತಿಂಗಳಿಗೊಂದು ಸಲ ಸೇರಿ ಬಿಸ್ಕತ್ತು ತಿಂದು ಎದ್ದು ಹೋಗ್ತಿದ್ರಲ್ಲ, ಅವರು. ಖರ್ಚು ಕಮ್ಮಿ ಮಾಡೋಕೆ ಅದನ್ನ ರದ್ದು ಮಾಡಿ ಒಬ್ಬ ಆಯುಕ್ತರನ್ನ ಹಾಕ್ತಾರಂತೆ. ಮಂಡಿ ಅನ್ನೋ ಪದ ಆ ವಿಧೇಯಕದಲ್ಲಿ ಎಲ್ಲೂ ಇಲ್ಲ.” ಸ್ವಲ್ಪ ಯೋಚಿಸಿ, “ಹಾಂ, ಒಂದು ಕಡೆ ಇದೆ. ‘ವಿಧೇಯಕವನ್ನು ಮಂಡಿಸಲಾಯಿತು’ ಅಂತ,” ಎಂದರು.

ಮೈಕಣ್ಣನಿಗೆ ತಿರುಗದ ಕುರ್ಚಿಯಲ್ಲಿ ಕೂತಿದ್ದರೂ ತಲೆ ತಿರುಗಿತು. ಬಾಯಿಗೆ ಹಾಕಿದ ಬಿಸ್ಕತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವನ ಕಣ್ಣ ಮುಂದೆ ಕಿರಾಣಿ ಯಜಮಾನ ಬಂದ, ಸ್ಟೂಲಿನ ಮೇಲಿನ ಕ್ಷೌರಿಕ ಬಂದ, ಆ ಕ್ಷೌರಿಕನ ಕೈಯಲ್ಲಿದ್ದ ಕತ್ತಿಯೂ ಬಂತು. ತನ್ನ ಕುತ್ತಿಗೆ ವಾರಕ್ಕೊಮ್ಮೆ ಆ ಕತ್ತಿಯ ಕೆಳಗೇ ಇರುತ್ತದೆ ಎಂಬುದು ನೆನಪಾಗಿ, ಈ ವಿಷಯ ಬೀದಿಯಲ್ಲಿ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದ. ಬಹಳ ಕಷ್ಟದ ತೀರ್ಮಾನವೇನಲ್ಲ.

ಆದರೆ ಅತ್ತೆ? ಮೈಕಣ್ಣ ಜಂಬದವನು, ಕೆಟ್ಟವನಲ್ಲ. ಹೆದರಿ ನಡುಗುತ್ತಿರುವ ಹೆಂಗಸನ್ನು ತನ್ನ ಕಿವಿಯ ತಪ್ಪಿಗೆ ಅವಸರವಾಗಿ ಕತ್ತಿಯ ಕೆಳಗೆ ಮಲಗಿಸುವುದು ಅವನಿಂದಾಗಲಿಲ್ಲ. ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಸಮಯ ನೋಡಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆಯ ಹತ್ತಿರ ಹೋದ.

“ಅತ್ತೆ, ಒಂದ್ಮಾತು. ಯಾರಿಗೂ ಹೇಳ್ಬೇಡಿ. ಮಂಡಿ ರದ್ದಾಗಲ್ಲ. ನಿಧಾನಕ್ಕೆ, ನಿಮಗೆ ಧೈರ್ಯ ಬಂದಾಗ ಮಾಡಿಸ್ಕೊಳ್ಳಿ. ಏನೂ ಅವಸರ ಇಲ್ಲ.”

“ನಿಜಾನಾ ಅಳಿಯಂದ್ರೇ?”

“ಒಳಗಿನ ಸುದ್ದಿ.”

ಅತ್ತೆಯ ಮುಖ ಅರಳಿತು. “ಬೀದಿಯವರಿಗೆಲ್ಲ ಬೇರೆ ಹೇಳಿ, ನನಗೊಬ್ಬಳಿಗೆ ನಿಜ ಹೇಳಿದ್ರಲ್ಲ! ಮನೆಯವರು ಅಂದ್ರೆ ಮನೆಯವರೇ!” ಲಟಕ್ಕನೆ ಎದ್ದು, ಚೀಲದಿಂದ ಟವೆಲ್ಲು ತೆಗೆದು ಹಗ್ಗಕ್ಕೆ ಹಾಕಿದರು. ಸ್ನಾನ ಮುಗಿಸಿ ಬಂದ ಮಗಳಿಗೆ, “ನಂಗೆ ಯಾಕೋ ಇವತ್ತು ಮೂಗು ಕಟ್ಟಿದೆ. ಆಪರೇಷನ್ ಬೇಡ,” ಅಂದರು. ಮಗಳು ತಲೆ ಚಚ್ಚಿಕೊಂಡಳು. ಆ ದಿನಾಂಕವನ್ನು ಆಸ್ಪತ್ರೆಯವರು ಕಿರಾಣಿ ಯಜಮಾನನ ಎರಡನೇ ಮಂಡಿಗೆ ಕೊಟ್ಟರು.

ಮುಂದಿನ ಅಧಿವೇಶನ ಬಂತು. ಮೈಕಣ್ಣ ಈ ಸಲ ಹೆಡ್‌ಫೋನನ್ನು ಎರಡೂ ಕಿವಿಗೆ ಹಾಕಿಕೊಂಡ. ಕ್ಯಾಂಟೀನಿನವನು ಷಡ್ಡಕನ ಹೊಸ ಸಂಸಾರದ ವಿಷಯ ಎತ್ತಿದರೆ ಕೈ ಅಡ್ಡ ಮಾಡಿದ. ಆರೋಗ್ಯ ಸಚಿವರು ಎದ್ದು ನಿಂತರು. ಆಶ್ಚರ್ಯವೆಂದರೆ ಸದನ ನಿಶ್ಶಬ್ದವಾಗಿತ್ತು.

“ಮಾನ್ಯ ಸಭಾಧ್ಯಕ್ಷರೇ, ಈ ವಿಧೇಯಕವನ್ನು ತಂದಾಗ ನಮ್ಮ ಗಮನಕ್ಕೆ ಬಾರದ ಒಂದು ಆಘಾತಕಾರಿ ಅಂಶ ಈಗ ಕಂಡುಬಂದಿದೆ. ಈಚಿನ ತಿಂಗಳುಗಳಲ್ಲಿ ಈ ಒಂದೇ ಊರಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗಳು ಊಹೆಗೂ ಮೀರಿ ಏರಿವೆ. ಒಂದು ಬೀದಿಯಲ್ಲಂತೂ, ಒಂದು ಮನೆ ಬಿಟ್ಟರೆ, ಮಂಡಿ ಬದಲಾಯಿಸಿಕೊಳ್ಳದ ಮನೆಯೇ ಇಲ್ಲ. ಇದು ಹೊಸ ರೋಗವೋ ಎಂದು ತಿಳಿಯಲು ತಜ್ಞರನ್ನು ಕಳಿಸಿದೆವು. ಅವರು ನೀರು ಪರೀಕ್ಷಿಸಿದರು, ಮಣ್ಣು ಪರೀಕ್ಷಿಸಿದರು. ಏನೂ ತಿಳಿಯಲಿಲ್ಲ. ವಿಮೆಯ ವೆಚ್ಚವನ್ನು ಹತೋಟಿಗೆ ತರಲು, ಮಂಡಿ ಶಸ್ತ್ರಚಿಕಿತ್ಸೆಯನ್ನು ಇನ್ನು ಮುಂದೆ ವಿಮೆಯಿಂದ ತೆಗೆದುಹಾಕುವ ತಿದ್ದುಪಡಿಯನ್ನು...”

“ಅಯ್ಯೋ! ನಮ್ಮತ್ತೆ!”

ಈ ಮಾತು ಸಭಾಂಗಣದ ನಾಲ್ಕೂ ಮೂಲೆಯಿಂದ ಕೇಳಿಬಂತು. ಗಾಬರಿಯಲ್ಲಿ ಮೈಕಣ್ಣನ ಮೊಣಕೈ ಅವನದೇ ಕೋಣೆಯ ಮೈಕಿನ ಸ್ವಿಚ್ಚಿನ ಮೇಲೆ ಬಿದ್ದಿತ್ತು. ಸಚಿವರು ಸುತ್ತ ನೋಡಿದರು. ಆಡಳಿತ ಪಕ್ಷದವರು ವಿರೋಧ ಪಕ್ಷವನ್ನು ನೋಡಿದರು. ವಿರೋಧ ಪಕ್ಷದ ನಾಯಕರು ತಕ್ಷಣ ಎದ್ದರು. “ಸಭಾಧ್ಯಕ್ಷರೇ, ಇದು ಜನರ ಕೂಗು! ರಾಜ್ಯದ ಎಲ್ಲ ಅತ್ತೆಯಂದಿರ ಪರವಾಗಿ ನಾವು ಈ ತಿದ್ದುಪಡಿಯನ್ನು ವಿರೋಧಿಸುತ್ತೇವೆ!” ಮತ್ತೆ ಮೇಜು ಗುದ್ದುವ ಸದ್ದು, ಮತ್ತೆ ಕಾಗದದ ಚೂರು. ಸಭಾಧ್ಯಕ್ಷರು ಗಂಟೆ ಬಾರಿಸಿ, “ಅತ್ತೆ ಎಂಬ ಪದವನ್ನು ಕಡತದಿಂದ ತೆಗೆಯಿರಿ,” ಎಂದು ಆಜ್ಞೆ ಮಾಡಿದರು. ಶೀಘ್ರಲಿಪಿಗಾರ್ತಿ ಅತ್ತೆಯನ್ನು ಹೊಡೆದುಹಾಕಿದರು.

ಗದ್ದಲ ಎರಡು ದಿನ ನಡೆದು ಒಂದು ರಾಜಿಯಾಯಿತು. ಮಂಡಿಯನ್ನು ಪೂರ್ತಿ ತೆಗೆಯುವುದು ಬೇಡ. ಆದರೆ ನಿಜವಾಗಿಯೂ ನಡೆಯಲಾಗದವರಿಗೆ ಮಾತ್ರ, ತಜ್ಞರು ಕಣ್ಣಾರೆ ನೋಡಿ ಒಪ್ಪಿದ ಮೇಲೆ. ನೋಡುವ ತಜ್ಞರನ್ನು ಎಲ್ಲಿಂದ ತರುವುದು? ಅದಕ್ಕೊಂದು ಮಂಡಳಿ. ಹೀಗೆ ಖರ್ಚು ಉಳಿಸಲು ಮಂಡಳಿಯೊಂದನ್ನು ರದ್ದು ಮಾಡಿದ ಅದೇ ಕಾನೂನು, ಅದೇ ದಿನ, ‘ಮಂಡಿ ಪರಿಶೀಲನಾ ಮಂಡಳಿ’ಯನ್ನು ಸ್ಥಾಪಿಸಿತು. ಅದಕ್ಕೊಂದು ಕಚೇರಿ, ಒಂದು ಕಾರು, ಬಾಗಿಲಲ್ಲಿ ಒಬ್ಬ ಜವಾನ.

ಮೈಕಣ್ಣ ಬೀದಿಗೆ ಕಾಲಿಡಲು ಹೆದರುತ್ತ ಬಂದ. ಆದರೆ ಬೀದಿ ಅವನಿಗಾಗಿ ಕಾಯುತ್ತಿತ್ತು. ಹೆಡ್‌ಮಾಸ್ಟರು ಉಕ್ಕಿನ ಚೌಕಟ್ಟನ್ನು ಟಕ್ ಟಕ್ ಎನ್ನಿಸುತ್ತ ಮುಂದೆ ಬಂದು ಅವನ ಕೈ ಹಿಡಿದರು. ಅವರ ಕಣ್ಣು ತೇವವಾಗಿತ್ತು.

“ನಾನು ಇಡೀ ಜನ್ಮ ಪೇಪರ್ ಓದ್ದೆ. ಯಾವ ಪೇಪರ್‌ನಲ್ಲೂ ಇದು ಬಂದಿರಲಿಲ್ಲ. ನೀನು ಮುಂಚೇನೇ ಹೇಳ್ದೆ. ನಿನ್ನ ಬಗ್ಗೆ ಹಗುರಾಗಿ ಮಾತಾಡಿದ್ದೆ, ತಪ್ಪಾಯ್ತು ಕಣಪ್ಪಾ.”

“ಇಂಥ ಮನುಷ್ಯನನ್ನ ನಾವು ಸದನಕ್ಕೇ ಆರಿಸಿ ಕಳಿಸ್ಬೇಕು,” ಅಂದ ಕಿರಾಣಿ ಯಜಮಾನ. ಎರಡೂ ಕಾಲು ಚಾಚಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಅವನು ಒಂದು ದೊಡ್ಡ ಪೊಟ್ಟಣ ಬಿಸ್ಕತ್ತನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟ.

ಕೈಯಲ್ಲಿ ಬಿಸ್ಕತ್ತು ಹಿಡಿದು ಮೈಕಣ್ಣ ತಲೆ ಎತ್ತಿದ. ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ಬೀದಿಯ ಮಾತೆಲ್ಲ ಅವರಿಗೆ ಕೇಳಿಸಿತ್ತು. ಅವರ ಹಿಂದೆ ಅವರ ಮಗಳು ನಿಂತಿದ್ದಳು. ಮೂಗು ಕಟ್ಟಿದ್ದ ಬೆಳಗಿನ ಗುಟ್ಟು ಆಗಷ್ಟೇ ಅವಳಿಗೆ ತಿಳಿದಿತ್ತು ಎಂಬುದು ಅವಳು ನಿಂತ ಭಂಗಿಯಿಂದ ಗೊತ್ತಾಗುತ್ತಿತ್ತು.

“ಲೋಕಕ್ಕೆಲ್ಲ ನಿಜ ಹೇಳಿ ನಮ್ಮಮ್ಮನಿಗೆ ಮಾತ್ರ ಸುಳ್ಳು ಹೇಳಿದ್ರಾ?” ಮನೆಯೊಳಗೆ ಅವಳು ಕೇಳಿದಳು.

“ಲೋಕಕ್ಕೆ ಸುಳ್ಳು ಹೇಳಿದ್ದು ಕಣೇ. ಮಂಡಳಿ ಅಂದಿದ್ದು ನಂಗೆ ಮಂಡಿ ಅಂತ ಕೇಳಿಸಿತ್ತು. ಅಮ್ಮನಿಗೇ ನಿಜ ಹೇಳಿದ್ದು!”

“ಹಂಗಾದ್ರೆ ಲೋಕದವರ ಮಂಡಿ ಹೆಂಗ್ ಸರಿಹೋಯ್ತು?”

ಈ ಪ್ರಶ್ನೆಗೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಮೈಕಣ್ಣ ಆ ದಿನದಿಂದ ನಡುಮನೆಯ ಚಾಪೆಯ ಮೇಲೆ ಮಲಗತೊಡಗಿದ. ಅತ್ತೆ ಏನೂ ಅನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಅವರ ಮಂಡಿ ಮಾತ್ರ ಅವರ ಪರವಾಗಿ ದಿನವಿಡೀ ಲಟಕ್ಕೆನ್ನುತ್ತಿತ್ತು. ಬರಬರುತ್ತ ಅವರು ಮೆಟ್ಟಿಲಿಳಿಯುವುದನ್ನೇ ಬಿಟ್ಟರು. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಹೊಸ ಮಂಡಿಯವರು ಸಂಜೆ ತಿರುಗಾಡಲು ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದರು. ಒಂದು ಸಂಜೆ ತಾವಾಗಿಯೇ ಹೇಳಿದರು. “ಅಳಿಯಂದ್ರೇ, ಈಗ ನಂಗೆ ಕತ್ತಿ ಹೆದರಿಕೆ ಹೋಗಿದೆ. ಈ ಕಿಟಕಿ ಹೆದರಿಕೆ ಶುರುವಾಗಿದೆ.”

ಮೈಕಣ್ಣ ಮರುದಿನವೇ ಮಂಡಿ ಪರಿಶೀಲನಾ ಮಂಡಳಿಗೆ ಅರ್ಜಿ ಕೊಟ್ಟ.

ಕರೆ ಬಂದ ದಿನ ಮೂವರೂ ಹೋದರು. ಮಂಡಳಿಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಮಂಡಿ ನೋವಿನವರು ಹತ್ತಿ ಬಂದರೆ ನೋವಿಲ್ಲ ಎಂದು ಸಾಬೀತು, ಹತ್ತಿ ಬರದಿದ್ದರೆ ಗೈರುಹಾಜರಿ ಎಂದು ಜವಾನ ವಿವರಿಸಿದ. ಮೈಕಣ್ಣ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಹೆಂಡತಿ ಹಿಂದಿನಿಂದ ಚೀಲ ಹಿಡಿದು ಬಂದಳು. ಎರಡನೇ ಮಹಡಿಯಲ್ಲಿ ಅವನ ಮಂಡಿಯೂ ಲಟಕ್ಕೆಂದಿತು.

“ಒಳಗೆ ಹೋದ್ಮೇಲೆ ನಿಧಾನಕ್ಕೆ, ನೋವು ಕಾಣೋ ಹಾಗೆ ನಡೀರಿ ಅತ್ತೆ,” ಅಂದ ಏದುಸಿರು ಬಿಡುತ್ತ.

“ಕಾಣೋ ಹಾಗೆ ಏನು ಬಂತು? ಇರೋದೇ ಅದು,” ಅಂದರು ಅತ್ತೆ.

ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರು ನಿವೃತ್ತ ವೈದ್ಯರು ಕೂತಿದ್ದರು. ನಡುವೆ ಅಧ್ಯಕ್ಷರು, ತಲೆಯಲ್ಲಿ ಒಂದೂ ಕೂದಲಿಲ್ಲದ, ಎಂಬತ್ತರ ಹತ್ತಿರದ ಮನುಷ್ಯ. ಅವರು ಕನ್ನಡಕ ಏರಿಸಿ ಅತ್ತೆಯನ್ನು ನೋಡಿ, ಕಿವಿ ಕೇಳದವರಿಗೆ ಹೇಳುವಂತೆ ಕೂಗಿದರು. “ಅಜ್ಜೀ! ಎಲ್ಲಿ, ಆ ಗೋಡೆವರೆಗೂ ನಡೀರಿ ನೋಡೋಣ ಅಜ್ಜೀ!”

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಅಜ್ಜಿ? ನಾನು ನಿಮಗೆ ಅಜ್ಜಿನಾ?”

ಮುಂದೆ ನಡೆದದ್ದನ್ನು ಮೈಕಣ್ಣ ಕಣ್ಣಾರೆ ಕಂಡೂ ನಂಬಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಗೋಡೆಯವರೆಗೆ ಸರಸರನೆ ನಡೆದರು. ತಿರುಗಿದರು. ಅಷ್ಟೇ ಸರಸರನೆ ವಾಪಸು ಬಂದರು. ಮುಖದಲ್ಲಿ ರಕ್ತವಿರಲಿಲ್ಲ, ಹಣೆಯಲ್ಲಿ ಬೆವರು. ಆದರೆ ನಡಿಗೆ ಕವಾಯತಿನ ನಡಿಗೆ. ಬಂದವರೇ ಮಗಳ ಭುಜ ಹಿಡಿದುಕೊಂಡು ಕುರ್ಚಿಗೆ ಕುಸಿದರು.

“ಚೆನ್ನಾಗಿ ನಡೀತಾರಲ್ಲ,” ಅಂದರು ಎಡಗಡೆಯ ವೈದ್ಯರು.

ಬಲಗಡೆಯವರು ಎಕ್ಸ್-ರೇ ಎತ್ತಿ ಬೆಳಕಿಗೆ ಹಿಡಿದರು. “ಈ ಮಂಡಿಯಲ್ಲಿ ನಿಲ್ಲೋಕೂ ಆಗಲ್ಲ. ನಡೆಯೋದಂತೂ ಸಾಧ್ಯವೇ ಇಲ್ಲ. ಆದ್ರಿಂದ ಇದು ಇವರ ಮಂಡಿ ಅಲ್ಲ. ಯಾರದೋ ಎಕ್ಸ್-ರೇ ತಂದಿದ್ದಾರೆ.”

“ತಿರಸ್ಕೃತ,” ಅಂದರು ಅಧ್ಯಕ್ಷರು.

ಮೈಕಣ್ಣನ ಹೆಂಡತಿಗೆ ತಡೆಯಲಾಗಲಿಲ್ಲ. “ಯಾರದೋ ಅಲ್ಲಾ ರೀ, ನಮ್ಮಮ್ಮನದೇ! ಎಲ್ಲಾ ಇವರಿಂದ ಆಗಿದ್ದು!” ಎಂದು ಗಂಡನ ಕಡೆ ಬೆರಳು ತೋರಿಸಿದಳು. “ಸದನದಲ್ಲಿ ಮೈಕ್ ಹಾಕೋದು ಇವರ ಕೆಲಸ. ಮಂಡಳಿ ಅಂದ್ರೆ ಮಂಡಿ ಅಂತ ಕೇಳಿಸ್ಕೊಂಡು, ಮಂಡಿ ರದ್ದಾಗುತ್ತೆ ಅಂತ ಊರೆಲ್ಲ ಸಾರಿದ್ರು. ಊರೆಲ್ಲ ಓಡಿಹೋಗಿ ಆಪರೇಷನ್ ಮಾಡಿಸ್ಕೊಳ್ತು. ಅದನ್ನ ನೋಡಿ ಸರ್ಕಾರ ಈ ಕಾನೂನು ತಂತು, ನಿಮ್ಮನ್ನ ಇಲ್ಲಿ ತಂದು ಕೂರಿಸ್ತು. ಊರೆಲ್ಲ ಆರಾಮಾಗಿದೆ. ನಮ್ಮಮ್ಮ ಒಬ್ಬಳೇ ಕಿಟಕೀಲಿ ಕೂತಿದ್ದಾಳೆ!”

ಮೈಕಣ್ಣ ಪೊಲೀಸರು ಯಾವ ಬಾಗಿಲಿಂದ ಬರಬಹುದು ಎಂದು ನೋಡಿದ.

ಅಧ್ಯಕ್ಷರು ನಿಧಾನವಾಗಿ ಎದ್ದು ನಿಂತರು. “ಅಂದ್ರೆ... ಈ ಮಂಡಳಿ ಆಗಿರೋದು ಇವರಿಂದಾನಾ?”

“ಹೂಂ ಮತ್ತೆ!”

ಅಧ್ಯಕ್ಷರು ಮೇಜು ಸುತ್ತಿ ಬಂದು ಮೈಕಣ್ಣನ ಎರಡೂ ಕೈ ಹಿಡಿದರು. “ನಿವೃತ್ತಿ ಆದ್ಮೇಲೆ ಹದಿನೇಳು ವರ್ಷ ಮನೇಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ದೆ ಸ್ವಾಮಿ. ಸೊಸೆ ನನ್ನ ಹೆಸರು ಹಿಡಿದು ಕರೆಯೋಕೂ ಶುರು ಮಾಡಿದ್ಲು. ಈಗ ಕಾರು ಬಂದು ಬಾಗಿಲಲ್ಲಿ ನಿಲ್ಲುತ್ತೆ.” ಎಡಗಡೆಯ ವೈದ್ಯರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಬಲಗಡೆಯವರು ಎಕ್ಸ್-ರೇಯನ್ನು ಮತ್ತೆ ಬೆಳಕಿಗೆ ಹಿಡಿದು, “ಇವರದೇ ಮಂಡಿ. ಮುಖಲಕ್ಷಣ ನೋಡಿದ್ರೆ ಗೊತ್ತಾಗುತ್ತೆ,” ಅಂದರು.

ಅನುಮತಿಯ ಮೇಲೆ ಮೂರು ಸಹಿ ಬಿದ್ದವು. ಜವಾನ ಓಡಿಹೋಗಿ ನೋಡಿಬಂದು, ಲಿಫ್ಟು ಸರಿಯಿದೆ ಎಂದು ತಿಳಿದುಬಂದಿದೆ ಅಂದ.

ಬಾಗಿಲವರೆಗೆ ಅಧ್ಯಕ್ಷರೇ ಬಂದರು. ಅಲ್ಲಿ ಮೈಕಣ್ಣನ ತೋಳು ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. “ನನ್ನ ತಮ್ಮ ಒಬ್ಬ ಇದ್ದಾನೆ. ಕಣ್ಣಿನ ಡಾಕ್ಟ್ರು. ರಿಟೈರಾಗಿ ಮನೇಲಿ ಸುಮ್ನೆ ಕೂತಿದ್ದಾನೆ ಪಾಪ. ಸದನದಲ್ಲಿ ಕಣ್ಣಿನ ವಿಷಯ ಏನಾದ್ರೂ ಕಿವಿಗೆ ಬಿತ್ತಾ?”

ಮೈಕಣ್ಣ ಕೈ ಮುಗಿದು, ಬದುಕಿನಲ್ಲಿ ಮೊದಲ ಬಾರಿಗೆ ಈ ಮಾತು ಹೇಳಿದ. “ನನಗೇನೂ ಗೊತ್ತಿಲ್ಲ ಸಾರ್. ಕಣ್ಣಿನ ವಿಷಯ ಏನೂ ಕೇಳಿಸಿಲ್ಲ.”

“ಅರ್ಥವಾಯ್ತು, ಅರ್ಥವಾಯ್ತು,” ಎಂದು ಅಧ್ಯಕ್ಷರು ಕಣ್ಣು ಮಿಟುಕಿಸಿ ಒಳಗೆ ಹೋದರು.

ಮನೆಗೆ ಹೋಗುವ ಆಟೋದಲ್ಲಿ ಅತ್ತೆ ಸ್ವಲ್ಪ ಹೊತ್ತು ಕಾಲು ನೀವಿಕೊಳ್ಳುತ್ತ ಕೂತಿದ್ದರು. ಆಮೇಲೆ ಅಳಿಯನ ಕಡೆ ಬಾಗಿದರು.

“ಅಳಿಯಂದ್ರೇ, ಆ ಬೋಳುತಲೆಯವರು ಕಣ್ಣು ಕಣ್ಣು ಅಂತಿದ್ರಲ್ಲ. ಕಣ್ಣಿಗೇನಾಗುತ್ತಂತೆ?”

“ಏನೂ ಆಗಲ್ಲ ಅತ್ತೆ. ನಿಮ್ಮಾಣೆ. ಏನೂ ಇಲ್ಲ.”

ಅತ್ತೆ ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ಯಾವುದಕ್ಕೂ ನಿಮ್ಮ ಚಿಕ್ಕಮ್ಮನಿಗೆ ಒಂದು ಫೋನ್ ಮಾಡೇ. ಅವಳಿಗೆ ಪೊರೆ ಬಂದಿದೆ ಅಂತಿದ್ಲು. ಈ ವಾರದಲ್ಲೇ ತೆಗೆಸ್ಕೊಂಡುಬಿಡ್ಲಿ.”